ಅಲಸಂದೆಯ ಬೀಜನಿಧಿ

ರೈತನ ಮನೆಯಲ್ಲಿ ಎರಡು ಬಗೆಯ ಕಾಳುಗಳಿರುತ್ತವೆ. ಒಂದು ಉಣ್ಣುವ ಕಾಳು, ಇನ್ನೊಂದು ಬಿತ್ತುವ ಕಾಳು. ಎರಡೂ ಒಂದೇ ಹೊಲದಲ್ಲಿ ಬೆಳೆದವು, ಒಂದೇ ಕಣದಲ್ಲಿ ಒಕ್ಕಿದವು. ಆದರೂ ಅವುಗಳಿಗೆ ಸಲ್ಲುವ ಮರ್ಯಾದೆ ಒಂದೇ ಅಲ್ಲ. ಉಣ್ಣುವ ಕಾಳು ದಿನದಿನವೂ ಖರ್ಚಾಗುತ್ತದೆ. ಬಿತ್ತುವ ಕಾಳು ಮಾತ್ರ ಮನೆಯ ಒಂದು ಮೂಲೆಯಲ್ಲಿ, ಮಡಕೆಯ ಬಾಯಿ ಕಟ್ಟಿಸಿಕೊಂಡು, ಮುಂದಿನ ಮಳೆಗಾಗಿ ಕಾಯುತ್ತಿರುತ್ತದೆ. ಮನೆಯಲ್ಲಿ ಹಿಟ್ಟಿಗೆ ಕೊರತೆಯಾದರೂ, ಸಾಲ ತಂದು ಉಂಡಾರೇ ಹೊರತು ಆ ಮಡಕೆಗೆ ಕೈ ಹಾಕುವವರಲ್ಲ. ಇಂದಿನ ಹಸಿವನ್ನು ತಡೆದು ನಾಳಿನ ಬೆಳೆಯನ್ನು ಉಳಿಸುವ ಈ ಸಂಯಮವೇ ಬೇಸಾಯದ ತಳಹದಿ. ಇಂದು ‘ಬೀಜನಿಧಿ’ ಅಥವಾ ‘ಬೀಜ ಬ್ಯಾಂಕು’ ಎಂದು ಕರೆಯಲಾಗುವ ಸಂಸ್ಥೆಗಳು ಈ ಹಳೆಯ ಸಂಯಮದ ವಿಸ್ತೃತ ರೂಪಗಳೇ ಆಗಿವೆ.

ಮೈಸೂರು ನಗರದಲ್ಲಿ ಕುಂಬಾರಕೊಪ್ಪಲು ಎಂಬ ಬಡಾವಣೆಯಿದೆ. ಕೊಪ್ಪಲು ಎಂದರೆ ಚಿಕ್ಕ ಹಳ್ಳಿ. ನಗರವು ಬೆಳೆದು ತನ್ನ ಸುತ್ತಲಿನ ಕೊಪ್ಪಲುಗಳನ್ನು ಒಳಗೊಂಡಿತು. ಹೆಸರು ಮಾತ್ರ ಮಣ್ಣಿನ ಕಸುಬನ್ನು ಇಂದಿಗೂ ನೆನಪಿಸುತ್ತದೆ. ಕುಂಬಾರನ ತಿಗುರಿಗೂ ರೈತನ ಬಿತ್ತನೆಗೂ ಇದ್ದ ನಂಟು ಸಾಮಾನ್ಯವಾದುದಲ್ಲ. ತಗಡಿನ ಡಬ್ಬಿಗಳಾಗಲಿ ಪ್ಲಾಸ್ಟಿಕ್ಕಿನ ಚೀಲಗಳಾಗಲಿ ಇಲ್ಲದಿದ್ದ ಕಾಲದಲ್ಲಿ ನಾಡಿನ ಬೀಜಸಂಪತ್ತೆಲ್ಲ ಉಳಿದುಬಂದದ್ದು ಬಹುಮಟ್ಟಿಗೆ ಮಡಕೆ, ಗುಡಾಣ, ವಾಡೆಗಳ ಒಡಲಿನಲ್ಲಿಯೇ. ಆ ಮಡಕೆಗಳಲ್ಲಿ ಇರುತ್ತಿದ್ದ ಕಾಳುಗಳಲ್ಲಿ ಅಲಸಂದೆಯೂ ಒಂದು.

ಅಲಸಂದೆಗೆ ನಮ್ಮ ನಾಡಿನಲ್ಲಿ ಹೆಸರುಗಳು ಹಲವು. ಮೈಸೂರು ಸೀಮೆಯ ಹಳ್ಳಿಗರು ಅದನ್ನು ತಡಗಣಿ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಅದು ಅಲಸಂದಿ, ಕರಾವಳಿಯಲ್ಲಿ ಅಲಸಂಡೆ. ಸಂಸ್ಕೃತದಲ್ಲಿ ಅದಕ್ಕೆ ರಾಜಮಾಷ ಎಂಬ ಗೌರವದ ಹೆಸರಿದೆ. ಸಸ್ಯಶಾಸ್ತ್ರಜ್ಞರು ಅದನ್ನು ವಿಗ್ನಾ ಉಂಗಿಕ್ಯುಲೇಟ ಎಂದು ಕರೆದಿದ್ದಾರೆ. ಇಷ್ಟು ಆಪ್ತವಾದ ಈ ಕಾಳು ಮೂಲತಃ ನಮ್ಮ ದೇಶದ್ದಲ್ಲ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಅದರ ತವರು ಆಫ್ರಿಕ ಖಂಡ. ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಪುರಾತತ್ತ್ವಜ್ಞರಿಗೆ ದೊರೆತ ಸುಟ್ಟು ಕರಿಕಾದ ಅಲಸಂದೆ ಕಾಳುಗಳು 3,500 ವರ್ಷಗಳಿಗೂ ಹಿಂದಿನವು. ರಾಗಿ, ಜೋಳಗಳ ಹಾಗೆ ಅಲಸಂದೆಯೂ ಬಹು ಪ್ರಾಚೀನ ಕಾಲದಲ್ಲಿಯೇ ಆಫ್ರಿಕದಿಂದ ಭಾರತಕ್ಕೆ ಬಂದು ಇಲ್ಲಿಯ ಮಣ್ಣಿಗೆ ಒಗ್ಗಿಕೊಂಡಿತು. ರಾಗಿಯ ಮುದ್ದೆ, ಅಲಸಂದೆ ಕಾಳಿನ ಸಾರು – ಹಳೆಯ ಮೈಸೂರಿನ ಊಟದ ಈ ಜೋಡಿ ಒಂದೇ ಖಂಡದಿಂದ ಬಂದ ಇಬ್ಬರು ಅತಿಥಿಗಳು ಮನೆಯವರೇ ಆಗಿಹೋದ ಕಥೆಯಾಗಿದೆ.

ಬಡವರ ಪಾಲಿಗೆ ಅಲಸಂದೆ ನಿಜವಾದ ಬಂಧು. ನೂರು ಗ್ರಾಂ ಒಣ ಕಾಳಿನಲ್ಲಿ ಸುಮಾರು 24 ಗ್ರಾಂ ಸಸಾರಜನಕವಿದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಇರುವುದು ಸುಮಾರು 7 ಗ್ರಾಂ ಮಾತ್ರ. ಎಳೆಯ ಕಾಯಿ ಪಲ್ಯಕ್ಕೆ, ಹಸಿಯ ಕಾಳು ಹುಳಿಗೆ, ಒಣ ಕಾಳು ಬಸ್ಸಾರಿಗೆ, ಒಣಗಿದ ಹೊಟ್ಟು ದನಗಳಿಗೆ – ಹೀಗೆ ಈ ಗಿಡದಲ್ಲಿ ವ್ಯರ್ಥವಾಗುವುದು ಏನೂ ಇಲ್ಲ. ಅಷ್ಟೇ ಅಲ್ಲ, ಅದು ತನ್ನನ್ನು ಸಾಕಿದ ಭೂಮಿಗೂ ಉಪಕಾರ ಮಾಡುತ್ತದೆ. ಅದರ ಬೇರುಗಳಲ್ಲಿ ಚಿಕ್ಕ ಚಿಕ್ಕ ಗಂಟುಗಳಿರುತ್ತವೆ. ಅವುಗಳಲ್ಲಿ ವಾಸಿಸುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹೀರಿ ಗಿಡಕ್ಕೆ ಒದಗಿಸುತ್ತವೆ. ಬೆಳೆ ಮುಗಿದ ಮೇಲೆ ಬೇರು ಎಲೆಗಳು ಕೊಳೆತು ಆ ಸತ್ತ್ವದಲ್ಲಿ ಒಂದು ಭಾಗ ಮಣ್ಣಿಗೆ ಸೇರುತ್ತದೆ. ಭರಣಿ, ಕೃತ್ತಿಕೆ ಮಳೆಗಳಲ್ಲಿ ಅಲಸಂದೆಯನ್ನು ಬಿತ್ತಿ, ಕೊಯ್ದು, ಅನಂತರ ಮತ್ತೊಂದು ಬೆಳೆಯನ್ನು ತೆಗೆಯುವ ಪದ್ಧತಿಯೂ, ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಜೊತೆಗೆ ಅದನ್ನು ಅಕ್ಕಡಿ ಸಾಲಾಗಿ ಬಿತ್ತುವ ಪದ್ಧತಿಯೂ ಈ ಅನುಭವದಿಂದಲೇ ಹುಟ್ಟಿದವು.

ಸಾವಿರಾರು ವರ್ಷಗಳ ಕಾಲ ಬೇರೆ ಬೇರೆ ಮಣ್ಣಿನಲ್ಲಿ, ಬೇರೆ ಬೇರೆ ಮಳೆಯಲ್ಲಿ ಬೆಳೆದ ಅಲಸಂದೆ ಒಂದೇ ರೂಪದಲ್ಲಿ ಉಳಿಯಲಿಲ್ಲ. ಬಿಳಿಯ ಕಾಳು, ಕೆಂಪು ಕಾಳು, ಕಪ್ಪು ಕಾಳು, ಕಂದು ಬಣ್ಣದ ಕಾಳು, ಬಿಳಿಯ ಮೈಯಲ್ಲಿ ಕಪ್ಪು ಕಣ್ಣಿನ ಕಾಳು, ಚುಕ್ಕಿಗಳುಳ್ಳ ಕಾಳು – ಹೀಗೆ ಬಣ್ಣಗಳೇ ಹಲವು. ನೆಟ್ಟಗೆ ನಿಲ್ಲುವ ಗಿಡಗಳಿವೆ, ನೆಲದ ಮೇಲೆ ಹಬ್ಬುವ ಬಳ್ಳಿಗಳಿವೆ, ಚಪ್ಪರವನ್ನು ಬಯಸುವ ಬಳ್ಳಿಗಳೂ ಇವೆ. ಕೆಲವು ತಳಿಗಳು ಎರಡೂವರೆ ತಿಂಗಳಿನಲ್ಲಿಯೇ ಕೊಯ್ಲಿಗೆ ಬಂದರೆ ಕೆಲವು ನಿಧಾನವಾಗಿ ಬೆಳೆದು ಹೆಚ್ಚು ಮೇವನ್ನು ಕೊಡುತ್ತವೆ. ತರಕಾರಿಗಾಗಿ ಬೆಳೆಯುವ ಒಂದು ಗುಂಪಿನ ಕಾಯಿಗಳು ಒಂದು ಮೊಳಕ್ಕಿಂತಲೂ ಉದ್ದವಾಗಿರುತ್ತವೆ. ಹೊರಗೆ ಕಾಣುವ ಈ ವೈವಿಧ್ಯದ ಹಿಂದೆ ಕಾಣದ ಗುಣಗಳೂ ಇವೆ. ಬರವನ್ನು ತಾಳುವ ಶಕ್ತಿ ಒಂದು ತಳಿಯಲ್ಲಿದ್ದರೆ ರೋಗವನ್ನು ತಡೆಯುವ ಶಕ್ತಿ ಮತ್ತೊಂದರಲ್ಲಿರುತ್ತದೆ. ಯಾವ ವಿಶ್ವವಿದ್ಯಾನಿಲಯವೂ ಇಲ್ಲದಿದ್ದ ಕಾಲದಲ್ಲಿ ಹೊಲದಲ್ಲಿ ಆರೋಗ್ಯವಾಗಿ ನಿಂತ ಗಿಡವನ್ನು ಗುರುತಿಸಿ, ಅದರ ಕಾಯಿಗಳನ್ನು ಬೇರೆಯಾಗಿ ಬಿಡಿಸಿ, ಬೀಜಕ್ಕೆಂದು ತೆಗೆದಿರಿಸಿದ ಅನಾಮಧೇಯ ರೈತರೂ ರೈತ ಮಹಿಳೆಯರೂ ಈ ತಳಿಗಳ ನಿರ್ಮಾಪಕರು.

ಇಂಥ ತಳಿಗಳು ಕಳೆದ ಶತಮಾನದ ಉತ್ತರಾರ್ಧದಿಂದ ಒಂದೊಂದಾಗಿ ಕಣ್ಮರೆಯಾಗತೊಡಗಿದವು. ಇದಕ್ಕೆ ಯಾರೋ ಒಬ್ಬರು ಕಾರಣರಲ್ಲ. ಹೆಚ್ಚು ಇಳುವರಿಯ ಹೊಸ ತಳಿಗಳು ಬಂದವು, ನೀರಾವರಿ ಹೆಚ್ಚಿತು, ಹೊಲಗಳು ತೋಟಗಳಾದವು, ನಗರಗಳ ಅಂಚಿನಲ್ಲಿ ನಿವೇಶನಗಳಾದವು. ಅಕ್ಕಡಿ ಬೇಸಾಯ ಹಿಂದೆ ಸರಿದು ಒಂದೇ ಬೆಳೆಯ ಬೇಸಾಯ ಮುಂದೆ ಬಂದಿತು. ಪೇಟೆಯು ಒಂದೇ ಬಣ್ಣದ, ಒಂದೇ ಗಾತ್ರದ ಕಾಳನ್ನು ಕೇಳಿತು. ಬಿತ್ತನೆಯ ಬೀಜ ಅಂಗಡಿಯಲ್ಲಿ ದೊರೆಯುವಾಗ ಮನೆಯಲ್ಲಿ ಬೀಜ ಕಟ್ಟುವ ಶ್ರಮವೇಕೆ ಎಂಬ ಭಾವನೆ ಬೆಳೆಯಿತು. ಒಂದು ವರ್ಷ ಬಿತ್ತದೆ ಬಿಟ್ಟ ಕಾಳು ಮರುವರ್ಷ ಹುಳು ಹಿಡಿಯಿತು. ಅದನ್ನು ಹೊರಗೆ ಎಸೆದದ್ದಾಯಿತು. ಆ ಊರಿನಲ್ಲಿ ಆ ತಳಿಯನ್ನು ಉಳಿಸಿಕೊಂಡಿದ್ದ ಮನೆ ಅದೊಂದೇ ಆಗಿದ್ದರೆ, ತಳಿಯ ವಂಶವೇ ಅಂದಿಗೆ ಮುಗಿಯಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಮಡಕೆಗಿಂತಲೂ ಮಡಕೆಯೊಳಗಿನ ಬೀಜಕ್ಕೆ ಹೆಚ್ಚು ಸಲ್ಲುತ್ತದೆ. ಏಕೆಂದರೆ ಒಡೆದ ಮಡಕೆಗೆ ಪ್ರತಿಯಾಗಿ ಕುಂಬಾರನು ಇನ್ನೊಂದನ್ನು ಮಾಡಿಯಾನು. ಅಳಿದ ತಳಿಯನ್ನು ಮತ್ತೆ ಮಾಡುವವರು ಯಾರೂ ಇಲ್ಲ.

ಒಂದು ತಳಿ ಅಳಿದರೆ ಆಗುವ ನಷ್ಟವೇನು? ಇನ್ನೊಂದನ್ನು ಬೆಳೆದರಾಗದೆ? ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಹೇಳಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಬಡಜನರು ಬಹುಮಟ್ಟಿಗೆ ಒಂದೇ ತಳಿಯ ಆಲೂಗಡ್ಡೆಯನ್ನು ನೆಚ್ಚಿಕೊಂಡಿದ್ದರು. 1845ರಲ್ಲಿ ಅಂಗಮಾರಿ ರೋಗ ಕಾಣಿಸಿಕೊಂಡಾಗ ಹೊಲಕ್ಕೆ ಹೊಲವೇ ಕೊಳೆತುಹೋಯಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರು ಹಸಿವಿಗೂ ಅದರ ಹಿಂದೆ ಬಂದ ರೋಗಗಳಿಗೂ ಬಲಿಯಾದರು. 1970ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮುಸುಕಿನ ಜೋಳದ ಬೆಳೆಗೆ ಇಂಥದೇ ವಿಪತ್ತು ಬಂದಿತು. ಅಲ್ಲಿಯ ಹೊಲಗಳ ಬಹುಪಾಲು ಬೀಜದಲ್ಲಿ ಒಂದೇ ದೌರ್ಬಲ್ಯ ಅಡಗಿದ್ದುದರಿಂದ ಒಂದು ಶಿಲೀಂಧ್ರವು ದೇಶದ ಬೆಳೆಯಲ್ಲಿ ಸುಮಾರು ಶೇಕಡ 15ರಷ್ಟನ್ನು ಒಂದೇ ವರ್ಷದಲ್ಲಿ ಹಾಳುಮಾಡಿತು. ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಇದ್ದರೆ ಕಳ್ಳನಿಗೆ ಒಂದು ಕೀಲಿಕೈ ಸಾಕು. ವೈವಿಧ್ಯವೆಂದರೆ ಬೇರೆ ಬೇರೆ ಬೀಗಗಳನ್ನು ಇಟ್ಟುಕೊಳ್ಳುವುದು.

ಅಲಸಂದೆಯ ಚರಿತ್ರೆಯಲ್ಲಿಯೂ ಇದಕ್ಕೆ ಉತ್ತಮ ನಿದರ್ಶನವಿದೆ. ಅಲಸಂದೆಯ ಬದ್ಧವೈರಿ ಕಾಳು ಕೊರೆಯುವ ಒಂದು ಚಿಕ್ಕ ದುಂಬಿ. ಹೆಣ್ಣು ದುಂಬಿ ಕಾಳಿನ ಸಿಪ್ಪೆಯ ಮೇಲೆ ಮೊಟ್ಟೆಯನ್ನು ಅಂಟಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳು ಕಾಳಿನೊಳಕ್ಕೆ ಕೊರೆದು ಹೋಗಿ, ತಿರುಳನ್ನು ತಿಂದು ಬೆಳೆದು, ಸುಮಾರು ಒಂದು ತಿಂಗಳಿನಲ್ಲಿ ದುಂಬಿಯಾಗಿ ಹೊರಬರುತ್ತದೆ. ಹೀಗೆ ತಿಂಗಳಿಗೊಂದು ಪೀಳಿಗೆಯಂತೆ ಹೆಚ್ಚುತ್ತ ಹೋದರೆ ಕೆಲವೇ ತಿಂಗಳುಗಳಲ್ಲಿ ಮಡಕೆಯಲ್ಲಿ ಕಾಳಿನ ಬದಲು ಹಿಟ್ಟು ಉಳಿಯುತ್ತದೆ. ನೈಜೀರಿಯಾ ದೇಶದ ಇಬಾದಾನ್ ನಗರದಲ್ಲಿ 1967ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ವಿಜ್ಞಾನಿಗಳು, ಈ ದುಂಬಿಯನ್ನು ತಡೆಯಬಲ್ಲ ತಳಿ ಯಾವುದಾದರೂ ಇದೆಯೇ ಎಂದು 1970ರ ದಶಕದಲ್ಲಿ ಸಾವಿರಾರು ತಳಿಗಳನ್ನು ಪರೀಕ್ಷಿಸಿದರು. ಅಷ್ಟರಲ್ಲಿ ಗುಣ ಕಂಡುಬಂದದ್ದು ಬೆರಳೆಣಿಕೆಯ ತಳಿಗಳಲ್ಲಿ ಮಾತ್ರ. ಅವುಗಳಲ್ಲಿ ಮೊದಲನೆಯದು ನೈಜೀರಿಯಾದ ಒಂದು ನಾಟಿ ತಳಿ. ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕಿದ್ದ ಗುರುತು ‘ಟಿ.ವಿ.ಯು. 2027’ ಎಂಬುದಷ್ಟೆ. ಆ ಒಂದು ಹಿಡಿ ಕಾಳು ಸಂಗ್ರಹಕ್ಕೆ ಬಾರದೆ ಹೋಗಿದ್ದರೆ ಆ ಗುಣ ಇತ್ತೆಂಬ ಸಂಗತಿಯೇ ಯಾರಿಗೂ ತಿಳಿಯುತ್ತಿರಲಿಲ್ಲ.

ಈ ದುಂಬಿಯ ವಿರುದ್ಧ ನಮ್ಮ ಹಿರಿಯರು ಬರಿಗೈಯಲ್ಲಿ ಕುಳಿತಿರಲಿಲ್ಲ. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಜರಡಿ ಹಿಡಿದ ಒಲೆಯ ಬೂದಿಯನ್ನು ಬೆರಸಿ, ಮಡಕೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ಕೆಲವೆಡೆ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಬೇಳೆಕಾಳುಗಳಿಗೆ ಲೇಪಿಸಿ ಒಣಗಿಸುವ ರೂಢಿಯಿತ್ತು. ಕೆಲವರು ಹರಳೆಣ್ಣೆಯನ್ನು ಸವರುತ್ತಿದ್ದರು. ಮತ್ತೆ ಕೆಲವರು ಬೇವಿನ ಎಲೆ, ಲಕ್ಕಿಯ ಸೊಪ್ಪುಗಳನ್ನು ನಡುನಡುವೆ ಹರಡುತ್ತಿದ್ದರು. ಇವು ಕೇವಲ ಮೂಢ ಆಚಾರಗಳಲ್ಲ. ಬೂದಿಯು ಕಾಳುಗಳ ನಡುವಿನ ಸಂದುಗಳನ್ನು ತುಂಬಿ ದುಂಬಿಯ ಓಡಾಟವನ್ನು ತಡೆಯುತ್ತದೆ. ನುಣುಪಾದ ಮಣ್ಣಿನ ಪುಡಿಯು ಕೀಟದ ಮೈಮೇಲಿನ ಮೇಣದಂಥ ಪದರವನ್ನು ಕೆಡಿಸುವುದರಿಂದ ಅದರ ಮೈಯ ನೀರು ಆರಿ ಅದು ಸಾಯುತ್ತದೆ. ಎಣ್ಣೆಯ ಲೇಪದಿಂದ ಮೊಟ್ಟೆಗಳಿಗೆ ಉಸಿರು ಕಟ್ಟುತ್ತದೆ. ಕುಂಬಾರಕೊಪ್ಪಲು ಇರುವ ಮೈಸೂರಿನಲ್ಲಿಯೇ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಸ್ಥಾಪನೆಯಾಯಿತು. ಸಂಸ್ಕರಿಸಿದ ಜೇಡಿಮಣ್ಣು, ಇದ್ದಿಲುಗಳ ಪುಡಿಗೆ ಕೀಟಗಳನ್ನು ಕೊಲ್ಲುವ ಗುಣವಿದೆ ಎಂಬುದನ್ನು ಅಲ್ಲಿಯ ವಿಜ್ಞಾನಿಗಳು 1959ರಲ್ಲಿ ‘ನೇಚರ್’ ಎಂಬ ಪ್ರಸಿದ್ಧ ವಿಜ್ಞಾನಪತ್ರಿಕೆಯಲ್ಲಿ ಪ್ರಕಟಿಸಿದರು. ಅಜ್ಜಿಯ ಕೆಮ್ಮಣ್ಣಿಗೂ ಪ್ರಯೋಗಶಾಲೆಯ ಜೇಡಿಮಣ್ಣಿಗೂ ಇರುವ ದೂರ ನಾವು ಭಾವಿಸುವಷ್ಟು ಹೆಚ್ಚಿನದಲ್ಲ.

ಆದರೆ ಮಡಕೆಯು ಬೀಜವನ್ನು ಒಂದೆರಡು ವರ್ಷ ಕಾಪಾಡೀತು. ಹತ್ತಾರು ವರ್ಷ ಕಾಪಾಡಲು ಬೀಜನಿಧಿಯೇ ಬೇಕು. ಅಲ್ಲಿ ಮೊದಲು ನಡೆಯುವುದು ಸಂಗ್ರಹಣೆ. ಒಂದು ತಳಿಯ ಬೀಜವನ್ನು ಒಂದೇ ಗಿಡದಿಂದ ತೆಗೆದುಕೊಳ್ಳದೆ ಹೊಲದ ಬೇರೆ ಬೇರೆ ಕಡೆಯ ಅನೇಕ ಗಿಡಗಳಿಂದ ಆರಿಸಿಕೊಳ್ಳುತ್ತಾರೆ. ಹಾಗಾದಾಗ ಮಾತ್ರ ಆ ತಳಿಯ ಗುಣಗಳೆಲ್ಲ ಸಂಗ್ರಹಕ್ಕೆ ಬರುತ್ತವೆ. ಊರಿನ ಹೆಸರು, ಊರವರು ಆ ತಳಿಯನ್ನು ಕರೆಯುವ ಹೆಸರು, ಬಿತ್ತುವ ಕಾಲ, ಮಣ್ಣಿನ ಬಗೆ, ಅಡುಗೆಯಲ್ಲಿ ಅದರ ಬಳಕೆ – ಇವನ್ನೆಲ್ಲ ಬರೆದಿಡುತ್ತಾರೆ. ಹೆಸರು ಊರುಗಳಿಲ್ಲದ ಬೀಜ ವಿಳಾಸವಿಲ್ಲದ ಕಾಗದದಂತೆ. ಅನಂತರ ಬೀಜವನ್ನು ಶುಚಿಮಾಡಿ, ನೆರಳಿನಲ್ಲಿ ಅಥವಾ ಯಂತ್ರದ ಒಣಗಾಳಿಯಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಕೆಲವು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಎಷ್ಟು ಮೊಳೆಯುತ್ತವೆ ಎಂದು ನೋಡುತ್ತಾರೆ. ನೂರಕ್ಕೆ 85ಕ್ಕಿಂತ ಹೆಚ್ಚು ಮೊಳೆತರೆ ಆ ಬೀಜ ಯೋಗ್ಯವಾದುದು. ಕೊನೆಗೆ ಗಾಳಿಯಾಡದ ಪೊಟ್ಟಣಗಳಲ್ಲಿ ತುಂಬಿ ಶೀತಗೃಹದಲ್ಲಿ ಇಡುತ್ತಾರೆ.

ಒಣಗಿಸುವುದಕ್ಕೂ ತಂಪಿಗೂ ಇಷ್ಟು ಮಹತ್ತ್ವವೇಕೆ? ಬೀಜವು ಸತ್ತ ವಸ್ತುವಲ್ಲ. ಅದು ನಿದ್ರಿಸುತ್ತಿರುವ ಜೀವ. ತೇವ, ಸೆಕೆಗಳು ಹೆಚ್ಚಿದಷ್ಟೂ ಅದರ ಉಸಿರಾಟ ಹೆಚ್ಚಿ ಆಯುಸ್ಸು ಕರಗುತ್ತದೆ. ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಇದಕ್ಕೆ ಎರಡು ಸುಲಭ ಸೂತ್ರಗಳನ್ನು ಹೇಳಿದ್ದಾನೆ. ಬೀಜದ ತೇವಾಂಶ ಶೇಕಡ ಒಂದರಷ್ಟು ಇಳಿದರೆ ಅದರ ಆಯುಸ್ಸು ಇಮ್ಮಡಿಯಾಗುತ್ತದೆ. ಉಷ್ಣತೆ 5 ಸೆಲ್ಸಿಯಸ್ ಡಿಗ್ರಿ ಇಳಿದರೂ ಇಮ್ಮಡಿಯಾಗುತ್ತದೆ. ಈ ಲೆಕ್ಕದಂತೆ ತೇವಾಂಶವನ್ನು ಶೇಕಡ 12ರಿಂದ 8ಕ್ಕೆ ಇಳಿಸಿದ ಮಾತ್ರಕ್ಕೆ ಬೀಜದ ಆಯುಸ್ಸು ಹದಿನಾರು ಪಟ್ಟು ಹೆಚ್ಚುತ್ತದೆ. ಇವು ಸ್ಥೂಲ ಸೂತ್ರಗಳು. ಎಲ್ಲ ಬೀಜಗಳಿಗೂ ಎಲ್ಲ ಮಿತಿಗಳಲ್ಲಿಯೂ ಅನ್ವಯಿಸುವುದಿಲ್ಲ. ಆದರೆ ಅಲಸಂದೆಯು ಒಣಗುವುದನ್ನೂ ತಂಪನ್ನೂ ಸಹಿಸಬಲ್ಲ ಬೀಜಗಳ ಗುಂಪಿಗೆ ಸೇರಿದೆ. ದೊಡ್ಡ ಬೀಜನಿಧಿಗಳು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಬೀಜಗಳನ್ನು ಇಡುವುದರ ಮರ್ಮ ಇದೇ.

ಪ್ರಪಂಚದ ಬೀಜನಿಧಿಗಳ ಚರಿತ್ರೆಯಲ್ಲಿ ರಷ್ಯದ ವಿಜ್ಞಾನಿ ನಿಕೊಲಾಯ್ ವವಿಲೋವ್ ಅವರ ಹೆಸರು ಚಿರಸ್ಮರಣೀಯವಾದುದು. ಅವರು ಅನೇಕ ದೇಶಗಳನ್ನು ಸುತ್ತಿ ಬೆಳೆಗಳ ಬೀಜಗಳನ್ನು ಲೆನಿನ್‌ಗ್ರಾಡ್ ನಗರದ ಸಂಸ್ಥೆಯಲ್ಲಿ ಸಂಗ್ರಹಿಸಿದರು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1944ರವರೆಗೆ, ಜರ್ಮನ್ ಸೇನೆ ಆ ನಗರವನ್ನು ಮುತ್ತಿ ಆಹಾರದ ದಾರಿಗಳನ್ನು ಕಡಿಯಿತು. ಲಕ್ಷಾಂತರ ಜನರು ಹಸಿವಿನಿಂದ ಸತ್ತರು. ಸಂಸ್ಥೆಯ ವಿಜ್ಞಾನಿಗಳ ಸುತ್ತಲೂ ಅಕ್ಕಿ, ಗೋಧಿ, ಕಡಲೆಕಾಯಿ, ಬೇಳೆಕಾಳುಗಳ ಪೊಟ್ಟಣಗಳು ತುಂಬಿದ್ದವು. ಅವರು ಅವನ್ನು ಮುಟ್ಟಲಿಲ್ಲ. ಭತ್ತದ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೋವ್ ಹಸಿವಿನಿಂದ ಪ್ರಾಣಬಿಟ್ಟಾಗ ಅವರ ರಕ್ಷಣೆಯಲ್ಲಿದ್ದ ಭತ್ತದ ಪೊಟ್ಟಣಗಳು ಹಾಗೆಯೇ ಇದ್ದವು. ಸರ್ಕಾರದ ಅವಕೃಪೆಗೆ ಒಳಗಾಗಿದ್ದ ವವಿಲೋವ್ ಅವರೂ 1943ರಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡರು. ಬಿತ್ತನೆಯ ಮಡಕೆಗೆ ಕೈಹಾಕದ ರೈತನ ಸಂಯಮ ಇಲ್ಲಿ ಬಲಿದಾನದ ಎತ್ತರಕ್ಕೆ ಏರಿತು.

ಇಂದು ಅಲಸಂದೆಯ ಅತಿ ದೊಡ್ಡ ಸಂಗ್ರಹ ಇಬಾದಾನಿನ ಸಂಸ್ಥೆಯಲ್ಲಿದೆ. ಅಲ್ಲಿ 15,000ಕ್ಕೂ ಹೆಚ್ಚು ಮಾದರಿಗಳಿವೆ. ಭಾರತದಲ್ಲಿ ಈ ಹೊಣೆಯನ್ನು ಹೊತ್ತಿರುವುದು 1976ರಲ್ಲಿ ನವದೆಹಲಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ. ಅದರ ನಿಧಿಯಲ್ಲಿ ವಿವಿಧ ಬೆಳೆಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. 2008ರಲ್ಲಿ ನಾರ್ವೆ ದೇಶಕ್ಕೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಹಿಮಗಟ್ಟಿದ ಬೆಟ್ಟದೊಳಗೆ ಜಾಗತಿಕ ಬೀಜ ಭಂಡಾರವೊಂದು ತೆರೆಯಿತು. ಬೇರೆ ಬೇರೆ ದೇಶಗಳ ಬೀಜನಿಧಿಗಳು ತಮ್ಮ ಬೀಜಗಳ ಎರಡನೆಯ ಪ್ರತಿಯನ್ನು ಅಲ್ಲಿ ಇರಿಸುತ್ತವೆ. ಸಿರಿಯಾ ದೇಶದ ಯುದ್ಧದಿಂದ ಅಲೆಪ್ಪೊ ನಗರದ ಸಮೀಪದ ಬೀಜನಿಧಿಯ ಕೆಲಸ ನಿಂತಾಗ, 2015ರಲ್ಲಿ ಅದರ ವಿಜ್ಞಾನಿಗಳು ತಾವು ಇಟ್ಟಿದ್ದ ಬೀಜಗಳನ್ನು ಇಲ್ಲಿಂದಲೇ ಹಿಂದಕ್ಕೆ ಪಡೆದು ಬೇರೆ ದೇಶಗಳಲ್ಲಿ ಬಿತ್ತಿ ಬೆಳೆದರು.

ಶೀತಗೃಹಕ್ಕೆ ಒಂದು ಮಿತಿಯಿದೆ. ಅಲ್ಲಿಟ್ಟ ಬೀಜಕ್ಕೆ ಕಾಲವು ನಿಂತುಹೋಗಿರುತ್ತದೆ. ಹೊರಗೆ ಮಳೆಯ ಕ್ರಮ ಬದಲಾದರೂ, ಹೊಸ ರೋಗಗಳು ಬಂದರೂ, ಅದಕ್ಕೆ ತಿಳಿಯದು. ಹೊಲದಲ್ಲಿ ವರ್ಷ ವರ್ಷವೂ ಬಿತ್ತುವ ಬೀಜವಾದರೋ ಕಾಲದೊಡನೆ ಹೆಜ್ಜೆ ಹಾಕುತ್ತದೆ. ಆದುದರಿಂದ ಶೀತಗೃಹದ ಜೊತೆಗೆ ಊರಿನ ಬೀಜನಿಧಿಗಳೂ ಬೇಕು. ಇವುಗಳ ನಿಯಮ ಸರಳವಾದುದು. ರೈತನು ಒಂದು ಸೇರು ಬೀಜವನ್ನು ಕಡ ಪಡೆದು, ಬೆಳೆ ಬಂದಮೇಲೆ ಸಾಮಾನ್ಯವಾಗಿ ಎರಡು ಸೇರನ್ನು ಹಿಂದಿರುಗಿಸುತ್ತಾನೆ. ಬಡ್ಡಿಯೂ ಬೀಜವೇ, ಅಸಲೂ ಬೀಜವೇ. ಕರ್ನಾಟಕದಲ್ಲಿ ಗ್ರೀನ್ ಫೌಂಡೇಷನ್ ಸಂಸ್ಥೆಯು 1990ರ ದಶಕದಿಂದ ಇಂಥ ನಿಧಿಗಳನ್ನು ಕಟ್ಟಲು ಶ್ರಮಿಸಿತು. ಸಹಜ ಸಮೃದ್ಧ ಸಂಸ್ಥೆಯು ಮೈಸೂರೂ ಸೇರಿದಂತೆ ಹಲವೆಡೆ ದೇಸಿ ಬೀಜಗಳ ಮೇಳಗಳನ್ನು ನಡೆಸಿದೆ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ತಮ್ಮ ಹೊಲದಲ್ಲಿಯೇ ಉಳಿಸಿಕೊಂಡಿದ್ದಾರೆ. ಕಾಸರಗೋಡಿನ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಂರಕ್ಷಿಸಿದುದಕ್ಕಾಗಿ 2024ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಬೀಜವನ್ನು ಉಳಿಸುವ, ಬಿತ್ತುವ, ಹಂಚುವ ರೈತನ ಹಕ್ಕನ್ನು ಭಾರತದ ಸಂಸತ್ತು 2001ರ ಕಾಯಿದೆಯಲ್ಲಿ ಮಾನ್ಯಮಾಡಿದೆ.

ಭತ್ತಕ್ಕೆ ಸಂದ ಈ ಆಸ್ಥೆ ಅಲಸಂದೆಗೂ ಸಲ್ಲಬೇಕು. ಆ ಕೆಲಸ ಕಷ್ಟದ್ದೇನೂ ಅಲ್ಲ. ಅಲಸಂದೆಯ ಹೂವು ಬೆಳಗ್ಗೆ ಅರಳಿ ನಡುಹಗಲಿನ ವೇಳೆಗೆ ಮುಚ್ಚಿಕೊಳ್ಳುತ್ತದೆ; ಅರಳುವುದಕ್ಕೆ ಮುಂಚೆಯೇ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿತವಾಗಿರುತ್ತದೆ. ಆದುದರಿಂದ ಮುಸುಕಿನ ಜೋಳದಂತೆ ಅದರ ತಳಿಗಳು ಸುಲಭವಾಗಿ ಬೆರೆತುಹೋಗುವುದಿಲ್ಲ. ಹಿತ್ತಲಿನ ಒಂದು ಪಾತಿಯಲ್ಲಿ, ಶಾಲೆಯ ತೋಟದ ಒಂದು ಸಾಲಿನಲ್ಲಿ ಒಂದು ತಳಿಯನ್ನು ಶುದ್ಧವಾಗಿ ಕಾಪಾಡಲು ಸಾಧ್ಯವಿದೆ.

ಹಾಗೆಂದು ಹೊಸ ತಳಿಗಳನ್ನು ಹಗೆಗಳೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಕೆ.ಬಿ.ಸಿ. ತಳಿಗಳಾಗಲಿ, ಇಬಾದಾನಿನಿಂದ ಬಂದು ನಮ್ಮ ಹೊಲಗಳಿಗೆ ಶಿಫಾರಸಾದ ಐ.ಟಿ. 38956-1 ತಳಿಯಾಗಲಿ ರೈತರಿಗೆ ಉಪಕಾರವನ್ನೇ ಮಾಡಿವೆ. ಆದರೆ ಹೊಸ ತಳಿಯು ಶೂನ್ಯದಿಂದ ಹುಟ್ಟುವುದಿಲ್ಲ. ಹಳೆಯ ತಳಿಗಳಲ್ಲಿರುವ ಗುಣಗಳನ್ನು ಕೂಡಿಸಿಯೇ ವಿಜ್ಞಾನಿಯು ಹೊಸದನ್ನು ನಿರ್ಮಿಸುತ್ತಾನೆ. ಹಳೆಯವು ಅಳಿದರೆ ಹೊಸದರ ದಾರಿಯೂ ಮುಚ್ಚಿಹೋಗುತ್ತದೆ. ಬೇರನ್ನು ಕಡಿದು ಚಿಗುರನ್ನು ಬಯಸುವುದು ವಿವೇಕವಲ್ಲ.

ಮುಂದಿನ ಶತಮಾನದ ಮಳೆ ಹೇಗಿರುವುದೋ, ಯಾವ ರೋಗ ಬರುವುದೋ ಇಂದು ಯಾರೂ ಹೇಳಲಾರರು. ಆ ದಿನಕ್ಕೆ ಬೇಕಾಗುವ ಗುಣ ಇಂದು ಯಾವುದೋ ಹಳ್ಳಿಯ ಮಡಕೆಯೊಂದರಲ್ಲಿ, ಬೆಲೆಯಿಲ್ಲದ ಕಪ್ಪು ಕಾಳೊಂದರಲ್ಲಿ ಅಡಗಿರಬಹುದು. ಆ ಮಡಕೆಯ ಬಾಯಿ ಬಿಚ್ಚಿ, ಹಿಡಿ ಬೀಜವನ್ನು ಮಣ್ಣಿಗೆ ಹಾಕಿ, ಮರಳಿ ಹಿಡಿ ಬೀಜವನ್ನು ಮಡಕೆಗೆ ತುಂಬುವುದು ಚಿಕ್ಕ ಕೆಲಸ. ಅದನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡುವವರು ಇರುವವರೆಗೆ ಮಾತ್ರ ಹಿಂದಿನವರ ಸಾವಿರಾರು ವರ್ಷಗಳ ದುಡಿಮೆ ಮುಂದಿನವರ ಕೈ ಸೇರುತ್ತದೆ.